ಜನಾಬಾಯಿ ಹಚ್ಚಿಸಿಕೊಂಡ ಕರೆಂಟು

ಆ ಬರದ ವರ್ಷ ಜನಾಬಾಯಿಯ ಗಂಡ ಧೊಂಡಿಬಾ ದುಡಿಯಲು ಹೈದರಾಬಾದಿಗೆ ಹೋಗಿದ್ದ. ಔರಾದ ಹತ್ತಿರದ ಊರಿನಲ್ಲಿ ಕುರಿ ಕಾಯುತ್ತಿದ್ದ ಅವಳಿಗೆ ಪಿತ್ತಕೋಶದಲ್ಲಿ ಕಲ್ಲಾಗಿ, ಬೀದರಿನ ಆಸ್ಪತ್ರೆಯೊಂದರಲ್ಲಿ ಹೊಟ್ಟೆ ಕೊಯ್ದು ಆಪರೇಷನ್ ಮಾಡಿದರು. ಜೊತೆಗೆ ಬಂದವಳು ಅತ್ತೆ ಲಲಿತಾಬಾಯಿ.

ಮರುದಿನ ಹೊಲಿಗೆಯ ನೋವಿಗೆ ಜನಾಬಾಯಿ ಕೆಮ್ಮಲೂ ಹೆದರಿದಳು. ಕೆಮ್ಮದಿದ್ದರೆ ಎದೆಯಲ್ಲಿ ಕಫ ಕಟ್ಟುತ್ತದೆಂದು ಫಿಜಿಯೋಥೆರಪಿಯ ಕೌಸಲ್ಯಾ ಮೇಡಂ ಪುಟ್ಟ ಯಂತ್ರವೊಂದನ್ನು ತಂದರು. ಗಾಯದ ಎರಡೂ ಬದಿಗೆ ಪಟ್ಟಿ ಅಂಟಿಸಿ ಸಣ್ಣಗೆ ಕರೆಂಟು ಹರಿಸಿದರೆ ನೋವು ತಗ್ಗುತ್ತದೆ ಎಂದರು.

"ಕರೆಂಟ್ ಬ್ಯಾಡ್ರಿ," ಎಂದಳು ಲಲಿತಾಬಾಯಿ. "ಹೆಣ್ಣು ಅಂದ ಮ್ಯಾಲ ತಾಳ್ಕೋಬೇಕು. ನಾ ನಾಕು ಹಡದೀನಿ, ಒಮ್ಮಿನೂ ಚೀರಿಲ್ಲ."

"ನೀವು ತಾಳ್ಕೊಂಡ್ರಿ ಅತ್ತಿ. ನಾ ಯಾಕ ತಾಳ್ಕೋಬೇಕು? ಹೊಟ್ಟಿ ನಂದು," ಎಂದ ಜನಾಬಾಯಿ ಮೇಡಂ ಕಡೆ ತಿರುಗಿದಳು. "ಹಚ್ರಿ."

ಚರ್ಮದಡಿ ಇರುವೆ ಹರಿದಂತಾಯಿತು. ಕೌಸಲ್ಯಾ ಯಂತ್ರವನ್ನು ಅವಳ ಕೈಗೇ ಕೊಟ್ಟರು. ಜನಾಬಾಯಿ ತಾನೇ ಗುಂಡಿ ತಿರುವಿ ಸ್ವಲ್ಪ ಸ್ವಲ್ಪವೇ ಏರಿಸಿದಳು. ನೋವು ಪೂರ್ತಿ ಹೋಗಲಿಲ್ಲ, ಆದರೆ ಹಿಂದಕ್ಕೆ ಸರಿಯಿತು. ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ಅವಳು ಜೋರಾಗಿ ಕೆಮ್ಮಿದಳು. ಆಮೇಲೆ ಯಂತ್ರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೇಡಂ ಕೈ ಹಿಡಿದು ವಾರ್ಡಿನಲ್ಲಿ ನಡೆಯತೊಡಗಿದಳು.

"ಆ ವೈರ್ ಸೆರಗಿನಾಗ ಮುಚ್ಕೋ. ಮಂದಿ ನೋಡ್ಲತ್ತಾರ," ಎಂದಳು ಅತ್ತೆ.

"ನೋಡ್ಲಿ ಬಿಡ್ರಿ. ನೋವಿದ್ದೋರು ಕೇಳಿದ್ರ ಅವ್ರಿಗೂ ಹೇಳ್ತೀನಿ," ಎಂದು ಜನಾಬಾಯಿ ಬಾಗಿಲು ದಾಟಿ ಮುಂದೆ ನಡೆದಳು.