ಹಂಗಾಮಿ ಮ್ಯಾನೇಜರ್

ನನ್ನ ಮಗಳು ವೆನಿಟಾ ವೃದ್ಧಾಶ್ರಮಗಳನ್ನು ನಡೆಸುವ ಒಂದು ದೊಡ್ಡ ಸಂಸ್ಥೆಯಲ್ಲಿ ಕೆಲಸ ಮಾಡುತ್ತಾಳೆ. ಅದರ ಮುಖ್ಯ ಕಚೇರಿ ಇರುವುದು ಸಿಡ್ನಿಯಲ್ಲಿ. ಮೆಲ್ಬರ್ನ್ ಸುತ್ತಮುತ್ತ ಒಂಬತ್ತು ಆಶ್ರಮಗಳಿವೆ, ಸಿಡ್ನಿಯ ಕಡೆ ಇನ್ನೂ ಹೆಚ್ಚು. ಯಾವ ಆಶ್ರಮ ಕೆಟ್ಟುಹೋಗಿ, ಸರ್ಕಾರದ ತಪಾಸಣೆಯವರು ಬಂದು, ಇಷ್ಟು ದಿನದೊಳಗೆ ಸರಿಮಾಡದಿದ್ದರೆ ಮುಚ್ಚಬೇಕು ಎಂದು ಬರೆದಿಟ್ಟು ಹೋಗುತ್ತಾರೋ, ಅಲ್ಲಿಗೆ ಇವಳನ್ನು ಕಳಿಸುತ್ತಾರೆ. ಇವಳ ಹುದ್ದೆಯ ಹೆಸರು ಹಂಗಾಮಿ ಮ್ಯಾನೇಜರ್.

ಮೊದಲು ಸಿಡ್ನಿಯ ಪಶ್ಚಿಮದ ಒಂದು ಆಶ್ರಮ. ಅದನ್ನು ಹನ್ನೊಂದು ತಿಂಗಳಲ್ಲಿ ಸರಿಮಾಡಿದಳು. ಸರಿಯಾದ ಮೇಲೆ ಅಲ್ಲಿಗೆ ಕಾಯಂ ಮ್ಯಾನೇಜರನಾಗಿ ಸ್ಕಾಟ್ ಎಂಬವನು ಬಂದ. ಆಮೇಲೆ ಮೆಲ್ಬರ್ನಿನ ಡ್ಯಾಂಡಿನಾಂಗಿನಲ್ಲಿ ಒಂದು. ಅಲ್ಲಿಯೂ ಅದೇ ಕಥೆ, ಬಂದವರ ಹೆಸರು ಮಾತ್ರ ಬೇರೆ. ಮೂರನೆಯದು ನಮ್ಮ ಮನೆಗೆ ಹತ್ತಿರ, ಕ್ರಾನ್‌ಬರ್ನಿನಲ್ಲಿ. ಅಲ್ಲಿ ಅವಳು ಹಂಗಾಮಿಯಾಗಿ ಏಳನೆಯ ತಿಂಗಳು ನಡೆಯುತ್ತಿದ್ದಾಗಿನ ಮಾತು ಇದು.

ಆ ಆಶ್ರಮವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವಳು ಹೋಗುವ ಮೊದಲು ಅಲ್ಲಿಯ ದೊಡ್ಡ ದೂರು, ಸ್ನಾನಕ್ಕೆ ಕರೆದೊಯ್ದರೆ ಮುದುಕರು ಕೆಲಸದವರಿಗೆ ಹೊಡೆಯುತ್ತಾರೆ ಎಂಬುದು. ಹೊಡೆಯುವವರಿಗೆ ಮಂಪರಿನ ಗುಳಿಗೆ ಕೊಡುತ್ತಿದ್ದರು. ವೆನಿಟಾ ಹೋದ ಮೊದಲ ದಿನ, ಯಾರೊಂದಿಗೂ ಸಭೆ ನಡೆಸುವ ಮೊದಲೇ, ಆ ಸ್ನಾನದ ಗಾಲಿಕುರ್ಚಿಯಲ್ಲಿ ತಾನೇ ಉಟ್ಟ ಬಟ್ಟೆಯಲ್ಲಿ ಕುಳಿತು, ದಿನವೂ ಮಾಡಿಸುವ ಹಾಗೆಯೇ ನನಗೆ ಸ್ನಾನ ಮಾಡಿಸಿ ಎಂದಳಂತೆ. ಅದು ಜೂನ್ ತಿಂಗಳು, ಅಲ್ಲಿ ಕಟುವಾದ ಚಳಿ. ಕುರ್ಚಿ ಮಂಜಿನಂತೆ ತಣ್ಣಗಿತ್ತು. ಕೊಳಾಯಿಯಲ್ಲಿ ಬಿಸಿನೀರು ಬರುವವರೆಗೆ ತಣ್ಣೀರು ಕಾಲ ಮೇಲೆ ಸುರಿಯುತ್ತಿತ್ತು. ಎದ್ದು ಬಂದು, ನಡುಗುತ್ತಲೇ, ಸ್ನಾನಕ್ಕೆ ಇಪ್ಪತ್ತು ನಿಮಿಷ ಮೊದಲು ಕೋಣೆಗೆ ಹೀಟರ್ ಹಾಕಬೇಕು, ಕುರ್ಚಿಗೆ ಬೆಚ್ಚಗಿನ ಟವೆಲ್ ಹಾಸಬೇಕು ಎಂದು ಬರೆಸಿದಳು. ಒಂದು ತಿಂಗಳಲ್ಲಿ ಹೊಡೆತ ನಿಂತಿತು. ಗುಳಿಗೆಯೂ ನಿಂತಿತು. ಇದನ್ನು ನನಗೆ ಹೇಳಿದವರು ಅಲ್ಲಿ ಕೆಲಸ ಮಾಡುವ ಒಬ್ಬ ಫಿಲಿಪ್ಪೀನಿನ ಹೆಂಗಸು. ವೆನಿಟಾ ಮನೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ಬಡವರ ಕಾಲು ತೊಳೆದ ಸಂತರ ಚರಿತ್ರೆಗಳನ್ನು ನಾನು ಎಷ್ಟೋ ಓದಿದ್ದೇನೆ. ನನ್ನ ಮನೆಯಲ್ಲಿ ಮೀನುಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಗೊಣಗುವ ಹುಡುಗಿ ಇಂಥದನ್ನು ಮಾಡಿಯಾಳೆಂದು ನನಗೆ ಹೊಳೆದಿರಲಿಲ್ಲ.

ಆ ಆಗಸ್ಟಿನಲ್ಲಿ ನನ್ನ ಹೆಂಡತಿ ಅಸುಂತಾ ದೇವರ ಬಳಿಗೆ ಹೋದಳು. ನಲವತ್ತೆಂಟು ವರ್ಷ ಒಟ್ಟಿಗಿದ್ದು, ಕೊನೆಗೆ ಪರದೇಶದ ಮಣ್ಣಿನಲ್ಲಿ ಅವಳನ್ನು ಮಲಗಿಸಿ ಬಂದೆ. ದೇವರ ಚಿತ್ತ. ಪ್ರತಿ ಸಂಜೆ ಜಪಮಾಲೆ ಹಿಡಿದಾಗ, ನಾನು ಅರ್ಧ ಹೇಳಿ ನಿಲ್ಲಿಸಿದ ಪ್ರಾರ್ಥನೆಯ ಉಳಿದರ್ಧ ಹೇಳುವ ದನಿಗಾಗಿ ಕಾಯುತ್ತಿದ್ದೆ. ಕಾದು ಕಾದು ನಾನೇ ಹೇಳುತ್ತಿದ್ದೆ.

ನವೆಂಬರಿನಲ್ಲಿ ಸಂಸ್ಥೆಯವರು ಮೆಲ್ಬರ್ನಿನ ಒಂಬತ್ತೂ ಆಶ್ರಮಗಳಿಗೆ ಒಬ್ಬ ಮುಖ್ಯಸ್ಥರು ಬೇಕೆಂದು ಪ್ರಕಟಿಸಿದರು. ಕಾಯಂ ಹುದ್ದೆ. ವೆನಿಟಾ ಅರ್ಜಿ ಹಾಕಿದಳು. ಕೊನೆಯ ಸುತ್ತಿಗೆ ಇಬ್ಬರು ಉಳಿದರು: ಇವಳು ಮತ್ತು ಆ ಸ್ಕಾಟ್. ಡಿಸೆಂಬರ್ ಎರಡನೆಯ ವಾರ ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನ ಕಚೇರಿಯಲ್ಲಿ ಸಂದರ್ಶನ. ಅಳಿಯ ಆಲ್ರಾಯ್‌ಗೆ ರಾತ್ರಿ ಪಾಳಿಯ ಕೆಲಸವಿತ್ತು. ನನ್ನನ್ನು ಒಂಟಿಯಾಗಿ ಬಿಡಲು ಮನಸ್ಸಾಗದೆ ವೆನಿಟಾ ನನ್ನನ್ನೂ ವಿಮಾನ ಹತ್ತಿಸಿದಳು.

ಇಲ್ಲಿ ನಾನು ಮಾಡಿದ ಕೆಲಸವನ್ನು ಹೇಳಬೇಕು.

ನಮ್ಮ ಮಂಗಳೂರು ಕಡೆಯ ಕ್ರೈಸ್ತರಲ್ಲಿ ಕ್ರಿಸ್ಮಸ್ಸಿಗೆ ಕುಸ್ವಾರ್ ಮಾಡುತ್ತಾರೆ. ನೆವ್ರಿ, ಕಿಡಿಯೊ, ಹೂವಿನಾಕಾರದ ಕೊಕ್ಕಿಸಾಂ, ಹೀಗೆ ಏಳೆಂಟು ಬಗೆಯ ಕರಿದ ತಿಂಡಿ. ತಟ್ಟೆಯಲ್ಲಿ ತುಂಬಿ ಬಿಳಿ ಬಟ್ಟೆ ಮುಚ್ಚಿ ನೆರೆಕರೆಗೆ ಹಂಚುತ್ತಾರೆ. ಅಸುಂತಾ ಮೊದಲ ತಟ್ಟೆಯನ್ನು ಪಾದ್ರಿಗಳಿಗೆ, ಎರಡನೆಯದನ್ನು ನಾನು ಕಲಿಸುತ್ತಿದ್ದ ಶಾಲೆಯ ಸಂಚಾಲಕರಿಗೆ ಕಳಿಸುತ್ತಿದ್ದಳು. ಸಾವಾದ ಮನೆಯಲ್ಲಿ ಆ ವರ್ಷ ಬಾಣಲೆ ಇಡುವುದಿಲ್ಲ; ಬೇರೆಯವರೇ ತಂದು ಕೊಡುತ್ತಾರೆ. ಕ್ರಾನ್‌ಬರ್ನಿನ ನಮ್ಮವರು ಡಿಸೆಂಬರ್ ಮೊದಲ ವಾರದಿಂದಲೇ ತಂದು ಕೊಡತೊಡಗಿದ್ದರು. ಅದರಲ್ಲಿ ಚೆನ್ನಾಗಿರುವುದನ್ನೆಲ್ಲ ಆರಿಸಿ ಒಂದು ಡಬ್ಬಿಗೆ ತುಂಬಿ, ವೆನಿಟಾಗೆ ಹೇಳದೆ, ನನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡೆ. ಸಂದರ್ಶನದ ಹಿಂದಿನ ದಿನ ಅವಳು ಯಾವುದೋ ಸಭೆಗೆ ಹೋಗಿದ್ದಾಗ, ಮೆಟ್ರೋ ಹತ್ತಿ ಮ್ಯಾಕ್ವೆರಿ ಪಾರ್ಕಿನಲ್ಲಿ ಇಳಿದು, ದಾರಿ ಕೇಳುತ್ತ ಕಚೇರಿ ಮುಟ್ಟಿ, ಆಯ್ಕೆ ಸಮಿತಿಯ ಅಧ್ಯಕ್ಷ ಗ್ರಹಾಂ ಎಂಬವರ ಹೆಸರು ಹೇಳಿ ಡಬ್ಬಿಯನ್ನು ಕೆಳಗಿನ ಮೇಜಿನ ಹುಡುಗಿಯ ಕೈಗೆ ಕೊಟ್ಟೆ. ಒಂದು ಕಾರ್ಡನ್ನೂ ಇಟ್ಟೆ. ‘ವೆನಿಟಾಳ ತಂದೆ ನೋರ್ಬರ್ಟನಿಂದ. ದೇವರು ನಿಮ್ಮ ಮನೆಯನ್ನು ಹರಸಲಿ’ ಎಂದು ದುಂಡಗಿನ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದೆ. ಅಸುಂತಾಳ ಕೆಲಸವನ್ನು ಅವಳ ಪರವಾಗಿ ಮುಗಿಸಿದೆನೆಂಬ ಸಮಾಧಾನದಿಂದ ಹೋಟೆಲಿಗೆ ಮರಳಿದೆ.

ಸಂಜೆ ಐದಕ್ಕೆ ವೆನಿಟಾಗೆ ಫೋನ್ ಬಂತು. ಅವಳು ಕಿಟಕಿಯ ಬಳಿ ನಿಂತು ಬಹಳ ಹೊತ್ತು ಕೇಳಿಸಿಕೊಂಡಳು. ನಡುವೆ ಒಮ್ಮೆ ತಿರುಗಿ ನನ್ನನ್ನು ನೋಡಿದಳು. ಫೋನ್ ಇಟ್ಟು ಮಂಚದ ಮೇಲೆ ಕುಳಿತಳು.

“ಪಪ್ಪಾ, ಡಬ್ಬಿಯಲ್ಲಿ ಎಂತೆಲ್ಲ ಇತ್ತು?”

ನಾನು ಹೇಳಿದೆ.

“ಕೊಕ್ಕಿಸಾಂ ನಮಗೆ ಒಂದೂ ಉಳಿಸಲಿಲ್ಲ ನೀವು,” ಎಂದು ನಕ್ಕಳು. ಆಮೇಲೆ ನಗು ನಿಂತಿತು.

ವಿಷಯ ಹೀಗಿತ್ತು. ಅಭ್ಯರ್ಥಿಯ ಮನೆಯಿಂದ ಆಯ್ಕೆ ಮಾಡುವವರಿಗೆ ಉಡುಗೊರೆ ಬಂದರೆ ಅಲ್ಲಿ ಅದು ದೊಡ್ಡ ತಪ್ಪು. ಅದನ್ನು ದಾಖಲು ಮಾಡಬೇಕು, ವಿಚಾರಣೆಯಾಗಬೇಕು. ಗ್ರಹಾಂ ಬಹಳ ಮೃದುವಾಗಿಯೇ ಮಾತಾಡಿದ್ದರಂತೆ. ವೆನಿಟಾ ತಾನಾಗಿ ಅರ್ಜಿ ಹಿಂತೆಗೆದುಕೊಂಡರೆ ಇದನ್ನು ಯಾರೂ ಬರೆದಿಡುವುದಿಲ್ಲ. ಕ್ರಾನ್‌ಬರ್ನ್ ಈಗ ಸುಸ್ಥಿತಿಗೆ ಬಂದಿದೆ, ಅಲ್ಲಿಗೆ ಬೇರೆಯವರನ್ನು ನೋಡೋಣ. ಸಿಡ್ನಿಯ ದಕ್ಷಿಣದಲ್ಲಿ ಒಂದು ಆಶ್ರಮ ತೀರಾ ಹದಗೆಟ್ಟಿದೆ. ಅಲ್ಲಿಗೆ ಹಂಗಾಮಿಯಾಗಿ ಹೋಗಲಿ. ನಾಳೆ ಹತ್ತು ಗಂಟೆಗೆ ಉತ್ತರ ಹೇಳಬೇಕು.

ಆರು ವರ್ಷ ಅವಳು ದುಡಿದು ಗಳಿಸಿದ್ದನ್ನು ನಾನು ಒಂದು ಡಬ್ಬಿ ತಿಂಡಿಯಿಂದ ಹಾಳುಮಾಡಿದ್ದೆ. ನಾನೇ ಹೋಗಿ ಕೈಮುಗಿದು ಕೇಳುತ್ತೇನೆ, ಮುದುಕನ ತಿಳಿಗೇಡಿತನ ಎಂದು ಬರೆದು ಕೊಡುತ್ತೇನೆ ಎಂದೆ. ಅವಳು ಬೇಡವೆಂದಳು. ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಕಳೆದ ವರ್ಷ ಡಿಸೆಂಬರ್ ಇಪ್ಪತ್ತಾರರ ಕ್ರಿಕೆಟ್ ಪಂದ್ಯಕ್ಕೆ ಗ್ರಹಾಂ ಮತ್ತು ಸ್ಕಾಟ್ ಒಟ್ಟಿಗೆ ಕುಳಿತಿದ್ದರೆಂದೂ, ಟಿಕೆಟ್ ಸ್ಕಾಟನದೆಂದೂ, ಅದು ಆಫೀಸಿಗೆಲ್ಲ ಗೊತ್ತೆಂದೂ ಮೆಲ್ಲಗೆ ಹೇಳಿದಳು. ಹಾಗಾದರೆ ನಾಳೆ ಅದನ್ನೇ ಹೇಳು ಎಂದೆ.

“ಹೇಳುವುದಿಲ್ಲ ಪಪ್ಪಾ. ಹೇಳಿದರೆ ನಾನು ದೂರು ಹೇಳುವವಳಾಗುತ್ತೇನೆ. ಬಿಳಿಯರಲ್ಲದವರಿಂದ ಅವರು ಅದೊಂದಕ್ಕೇ ಕಾಯುತ್ತಿರುತ್ತಾರೆ.”

ಅವಳು ಕೆಳಗೆ ಊಟ ತರಲು ಹೋದಳು. ನಾನು ಜಪಮಾಲೆ ಹಿಡಿದೆ. ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಮೂವತ್ತು ವರ್ಷ ಹಿಂದಿನ ಒಂದು ಮುಖ ಕಣ್ಣ ಮುಂದೆ ಬಂತು.

ನಮ್ಮ ಶಾಲೆಯಲ್ಲಿ ರುದ್ರಾಣಿ ಟೀಚರ್ ಎಂಬವರಿದ್ದರು. ಆರು ವರ್ಷ ಹಂಗಾಮಿ ಮುಖ್ಯೋಪಾಧ್ಯಾಯಿನಿ. ಶಾಲೆಯ ಬಾವಿ ಬತ್ತಿದಾಗ ನೀರು ತರಿಸಿದ್ದು, ಏಳನೇ ತರಗತಿಯ ಫಲಿತಾಂಶ ಎತ್ತಿದ್ದು, ಬಿಟ್ಟುಹೋದ ಮಕ್ಕಳನ್ನು ಮನೆ ಮನೆಗೆ ಹೋಗಿ ಕರೆತಂದದ್ದು ಅವರೇ. ಅವರು ನಮ್ಮ ಧರ್ಮದವರಲ್ಲ. ಅವರ ಜಾತಿಯನ್ನು ಊರಿನವರು ಕೀಳೆನ್ನುತ್ತಿದ್ದರು. ಆಡಳಿತ ಸಮಿತಿಯಲ್ಲಿ ನಾನೂ ಇದ್ದೆ. ಅವರನ್ನು ಕಾಯಂ ಮಾಡುವ ಮಾತು ಬಂದಾಗಲೆಲ್ಲ, “ಇನ್ನೂ ಸ್ವಲ್ಪ ದಿನ ನೋಡುವ” ಎನ್ನುತ್ತಿದ್ದವನು ನಾನು. ಕೊನೆಗೆ ನಮ್ಮವರೇ ಒಬ್ಬರನ್ನು ಬೇರೆ ಊರಿನಿಂದ ತಂದು ಕೂರಿಸಿದೆವು. ಸ್ವಾಗತ ಭಾಷಣ ಮಾಡಿದ್ದೂ ನಾನೇ. ರುದ್ರಾಣಿ ಟೀಚರ್ ಹೊಸಬರಿಗೆ ಬೀಗದ ಕೈಗಳನ್ನು ಒಂದೊಂದಾಗಿ ತೋರಿಸಿ ಕೊಟ್ಟರು. ಎಷ್ಟೋ ಸಲ ಪಾಪನಿವೇದನೆಗೆ ಮಂಡಿಯೂರಿದ್ದೇನೆ. ಇದನ್ನು ಒಮ್ಮೆಯೂ ಹೇಳಿರಲಿಲ್ಲ, ಯಾಕೆಂದರೆ ಇದು ಪಾಪವೆಂದೇ ನನಗೆ ತೋರಿರಲಿಲ್ಲ.

ಬೆಳಿಗ್ಗೆ ಕಚೇರಿಗೆ ನಡೆಯುವಾಗ ವೆನಿಟಾಳಿಗೆ ಹೇಳಿಬಿಟ್ಟೆ. ಅವಳು ನಡಿಗೆ ನಿಧಾನ ಮಾಡಿದಳೇ ಹೊರತು ನಿಲ್ಲಲಿಲ್ಲ.

“ನನಗೆ ಗೊತ್ತು ಪಪ್ಪಾ. ನಾನಾಗ ಏಳನೇ ಕ್ಲಾಸು. ಟೀಚರಿಗೆ ಎಂತ ಆಯಿತೆಂದು ಮಕ್ಕಳಿಗೆಲ್ಲ ಗೊತ್ತಿತ್ತು.”

“ನೀನು ನನ್ನನ್ನು ಏನೂ ಕೇಳಲಿಲ್ಲ.”

“ನಿಮ್ಮನ್ನು ಕೇಳುವ ಧೈರ್ಯ ಯಾರಿಗಿತ್ತು?” ಸ್ವಲ್ಪ ದೂರ ಹೋದ ಮೇಲೆ ತನ್ನಷ್ಟಕ್ಕೆ ಹೇಳಿಕೊಂಡಂತೆ ಅಂದಳು, “ಟೀಚರ್ ಒಂದು ದಿನವಾದರೂ ‘ಆಗುವುದಿಲ್ಲ’ ಅನ್ನಬೇಕಿತ್ತು. ಅವರು ಅನ್ನಲೇ ಇಲ್ಲ.”

ಕಚೇರಿಯ ಕೆಳಗಿನ ಹಜಾರಕ್ಕೆ ಗ್ರಹಾಂ ತಾವೇ ಇಳಿದು ಬಂದರು. ಬೆಳ್ಳಿ ಕೂದಲಿನ, ಸೌಮ್ಯ ಮುಖದ ಮನುಷ್ಯ. ನನಗೂ ಕೈಕೊಟ್ಟು, ತಿಂಡಿ ಕಂಡು ಬಹಳ ಸಂತೋಷವಾಯಿತು, ನಿಯಮವೆಂದು ಮುಟ್ಟಲಿಲ್ಲ ಎಂದರು. ಅವರು ಕೆಟ್ಟವರಲ್ಲ. ನಾನೂ ಕೆಟ್ಟವನಾಗಿರಲಿಲ್ಲ. ಮೇಲೆ ಹೋಗಿ ಕಾಫಿ ಕುಡಿಯುತ್ತ ಮಾತಾಡೋಣವೆಂದರು. ಇಲ್ಲೇ ಆಗಲಿ, ಡಬ್ಬಿ ಕೊಟ್ಟವರು ಇಲ್ಲೇ ಇದ್ದಾರೆ ಎಂದಳು ವೆನಿಟಾ.

ಅವಳು ಚೀಲದಿಂದ ಒಂದು ಹಾಳೆ ತೆಗೆದು ಕೊಟ್ಟಳು. ಅದು ಉಡುಗೊರೆಯನ್ನು ದಾಖಲಿಸುವ ನಮೂನೆ. ಬೆಳಿಗ್ಗೆಯೇ ಎದ್ದು ತುಂಬಿದ್ದಳು. ಯಾವ ತಿಂಡಿ, ಎಷ್ಟು, ಅದು ಯಾವ ಹಬ್ಬದ ರೂಢಿ, ತನಗೆ ತಿಳಿಯದೆ ತಂದೆ ಕೊಟ್ಟದ್ದು, ಎಲ್ಲವೂ ಇತ್ತು. ಇದನ್ನು ಬಚ್ಚಿಡುವುದು ಬೇಡ, ದಾಖಲು ಮಾಡಿ ಎಂದಳು. ತಾನು ಅರ್ಜಿ ಹಿಂತೆಗೆಯುವುದಿಲ್ಲ. ತನ್ನನ್ನು ಬಿಡುವುದಾದರೆ ಕಾರಣ ಬರೆದು, ಸಹಿ ಹಾಕಿ ಬಿಡಬೇಕು. ಕ್ರಾನ್‌ಬರ್ನನ್ನು ತಾನು ಬಿಟ್ಟುಕೊಡುವುದಿಲ್ಲ, ಅದನ್ನು ತನ್ನ ಹೆಸರಿಗೆ ಕಾಯಂ ಮಾಡಬೇಕು. ಇನ್ನು ಮುಂದೆ ಯಾವ ಆಶ್ರಮಕ್ಕೂ ಹಂಗಾಮಿಯಾಗಿ ಹೋಗುವುದಿಲ್ಲ. ದನಿ ಏರಲಿಲ್ಲ. ಮಾತ್ರೆ ಎಷ್ಟು ಹೊತ್ತಿಗೆ ಕೊಡಬೇಕೆಂದು ಕೆಲಸದವರಿಗೆ ಹೇಳುವಂತೆ ಹೇಳಿದಳು.

ಗ್ರಹಾಂ ಹಾಳೆಯನ್ನು ಕೊನೆಯವರೆಗೂ ಓದಿದರು. ಆಮೇಲೆ, ಆ ದಕ್ಷಿಣದ ಆಶ್ರಮದಲ್ಲಿ ಎಂಬತ್ತು ಮುದುಕರು ಕಷ್ಟದಲ್ಲಿದ್ದಾರೆ, ನಿನ್ನಷ್ಟು ಚೆನ್ನಾಗಿ ಈ ಕೆಲಸ ಮಾಡುವವರು ನಮ್ಮಲ್ಲಿಲ್ಲ ಎಂದರು. ನಿಜವಾಗಿಯೂ ಮರುಗಿಯೇ ಅಂದರು. ಅವಳು ಇಲ್ಲಿ ಸೋಲುತ್ತಾಳೆ ಎಂದುಕೊಂಡೆ. ಮುದುಕರ ಕಷ್ಟವೆಂದರೆ ಕರಗುವವಳು. ಅವಳನ್ನು ಹಾಗೆ ಬೆಳೆಸಿದವರು ನಾವೇ.

ವೆನಿಟಾ ಅವರನ್ನು ನೇರವಾಗಿ ನೋಡಿದಳು.

“ಅವರಿಗೆ ಬೇಕಾಗಿರುವುದು ಬಿಟ್ಟುಹೋಗದ ಮ್ಯಾನೇಜರ್. ಹನ್ನೊಂದು ತಿಂಗಳಿಗೊಮ್ಮೆ ನನ್ನನ್ನು ಮುದುಕರ ಕೈಯಿಂದ ಕಿತ್ತುಕೊಂಡವರು ನೀವು. ನಾನಾಗಿ ಒಬ್ಬರನ್ನೂ ಬಿಟ್ಟಿಲ್ಲ.”

ಹಜಾರದ ಹುಡುಗಿ ಬರೆಯುತ್ತಿದ್ದ ಕೈ ನಿಲ್ಲಿಸಿದಳು. ಗ್ರಹಾಂ ಹಾಳೆಯನ್ನು ಮಡಚಿದರು. ಕೊನೆಗೆ, ಸಂದರ್ಶನ ಎರಡು ಗಂಟೆಗೆ, ಮೊದಲು ಹೇಳಿದಂತೆಯೇ ನಡೆಯುತ್ತದೆ ಎಂದು ಹೇಳಿ ಹಾಳೆ ಹಿಡಿದು ಮೇಲೆ ಹೋದರು.

ಬಿಷಪರ ಮುಂದೆ, ಸಂಚಾಲಕರ ಮುಂದೆ, ಶಾಲೆಯ ತಪಾಸಣೆಗೆ ಬರುವ ಇನ್‌ಸ್ಪೆಕ್ಟರರ ಮುಂದೆ ಎದ್ದು ನಿಂತು, ಬಾಗಿ ಬಾಗಿ ಬಾಳಿದವನು ನಾನು. ಅಸುಂತಾಳೂ ಅಷ್ಟೇ. ನಮ್ಮ ಮನೆಯಲ್ಲಿಲ್ಲದ ಈ ಗಟ್ಟಿತನ ಇವಳಿಗೆ ಎಲ್ಲಿಂದ ಬಂತು? ಕೊಟ್ಟವನು ದೇವರೇ ಇರಬೇಕು. ಕಿಟಕಿಯ ಆಚೆ ಆಫೀಸಿನ ಜನ ಮೆಟ್ರೋ ಇಳಿದು ಬರುತ್ತಿದ್ದರು, ಎಲ್ಲ ಬಣ್ಣದವರೂ. ಅವರಲ್ಲಿ ಎಷ್ಟು ಮಂದಿ ಹಂಗಾಮಿಗಳೋ.

ಒಂಬತ್ತು ಆಶ್ರಮಗಳ ಹುದ್ದೆ ಸ್ಕಾಟನಿಗೇ ಹೋಯಿತು. ಸಮಿತಿಯವರು ಬರೆದ ಪತ್ರದಲ್ಲಿ ವೆನಿಟಾಳ ಅನುಭವವನ್ನು ಹೊಗಳಿ, ‘ಇನ್ನೂ ಸ್ವಲ್ಪ ಕಾಲ ಬೆಳೆಯಲು ಅವಕಾಶವಿದೆ’ ಎಂದಿತ್ತು. ಆ ಸಾಲನ್ನು ನಾನು ಎರಡು ಸಲ ಓದಿದೆ. ಅದು ನನ್ನದೇ ಮಾತು. ಭಾಷೆ ಮಾತ್ರ ಬೇರೆ.

ದಕ್ಷಿಣದ ಆಶ್ರಮಕ್ಕೆ ಹೋಗಲು ಆಮೇಲೆ ಮತ್ತೆರಡು ಸಲ ಕೇಳಿದರು. ಅವಳು ಎರಡು ಸಲವೂ ಆಗುವುದಿಲ್ಲವೆಂದಳು. ಆ ದಿನಗಳಲ್ಲಿ ಅವಳಿಗೆ ಊಟ ಸೇರುತ್ತಿರಲಿಲ್ಲ. ಆ ಎಂಬತ್ತು ಮಂದಿಗಾಗಿ ಅವಳು ಚರ್ಚಿನಲ್ಲಿ ಪೂಜೆ ಮಾಡಿಸಿದ್ದು ನನಗೆ ಪಾದ್ರಿಗಳಿಂದ ತಿಳಿಯಿತು. ಜನವರಿ ಕೊನೆಗೆ ಆ ಆಶ್ರಮಕ್ಕೂ ಕಾಯಂ ಮ್ಯಾನೇಜರ್ ಬೇಕೆಂದು ಪ್ರಕಟಣೆ ಹೊರಟಿತು. ಮೊದಲ ಬಾರಿಗೆ, ಆಶ್ರಮ ಸರಿಯಾಗುವ ಮೊದಲೇ. ಅದೇ ವಾರ ಒಂದು ಮಧ್ಯಾಹ್ನ ಅವಳ ಫೋನ್ ರಿಂಗಾಯಿತು. ಕ್ರಾನ್‌ಬರ್ನ್ ಆಶ್ರಮಕ್ಕೆ ಅವಳನ್ನು ಕಾಯಂ ಮಾಡಿದ್ದಾರೆಂದು. ಅವಳು ಕೇಳಿ, ಧನ್ಯವಾದ ಹೇಳಿ, ಅದನ್ನು ಲಿಖಿತವಾಗಿ ಕಳಿಸಿ ಎಂದು ಫೋನ್ ಇಟ್ಟು, ಕಾರಿನ ಕೀಲಿ ಹುಡುಕುತ್ತ ನನ್ನ ಕೋಣೆಗೆ ಬಂದಳು.

ಅವಳು ಬಾಗಿಲಲ್ಲಿ ಕಾಣಿಸಿಕೊಂಡಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ನನಗೇ ತಿಳಿಯದು.

“ಎಂತಕ್ಕೆ ಎದ್ದಿರಿ ಪಪ್ಪಾ? ಏನಾದರೂ ಬೇಕಿತ್ತಾ?”

ಕಾಲು ಜೋಮು ಹಿಡಿದಿತ್ತು ಎಂದೆ. ಅವಳು ಬಂದು ನನ್ನ ತೋಳು ಹಿಡಿದು ಕೂರಿಸಲು ನೋಡಿದಳು. ಅವಳು ಹೊರಗೆ ಹೋಗುವವರೆಗೂ ನಾನು ಕೂರಲಿಲ್ಲ.