ಬೇಗಂಪೇಟೆಯಲ್ಲಿ ಹಾಕಿದ ಮಾಲೆ

ನಮ್ಮ ಮಹಿಳಾ ಮಂಡಳಿಯ ಗೋಡೆಯ ಮೇಲಿನ ಆ ಫೋಟೋ ನೋಡಿದಾಗಲೆಲ್ಲ ಮುಖ ಎಲ್ಲಿಟ್ಟುಕೊಳ್ಳಲಿ ಎನಿಸುತ್ತದೆ. ೧೯೬೮ರಲ್ಲಿ ಲಂಡನ್ನಿನಿಂದ ಪುಟ್ಟ ವಿಮಾನ ನಡೆಸಿಕೊಂಡು ಬರುತ್ತಿದ್ದ ಧಾರವಾಡದ ಇಂದುಮತಿಯನ್ನು ಸ್ವಾಗತಿಸಲು, ಅಧ್ಯಕ್ಷೆಯಾದ ನಾನೇ ಹೈದರಾಬಾದಿನ ಬೇಗಂಪೇಟೆ ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಹೆಣ್ಣು ಯಾವುದರಲ್ಲೂ ಕಡಿಮೆಯಿಲ್ಲ ಎಂದು ಭಾಷಣ ಬೇರೆ ಬರೆದುಕೊಂಡಿದ್ದೆ. ವಿಮಾನದಿಂದ ಮೊದಲು ಎತ್ತರದ ಗಂಡಸೊಬ್ಬ ಇಳಿದ. ಓಡಿಹೋಗಿ ಅವನ ಕೊರಳಿಗೆ ಮಾಲೆ ಹಾಕಿಬಿಟ್ಟೆ, ಕ್ಯಾಮೆರಾ ಮಿಂಚಿತು. ಅವನು ಮೆಕ್ಯಾನಿಕ್. ಅವನ ಹಿಂದೆ ಇಳಿದವಳು ಇಂದುಮತಿ.

"ತಪ್ಪಾತವ್ವಾ!" ಎನ್ನುತ್ತ ಅವನ ಕೊರಳಿನಿಂದ ಮಾಲೆ ತೆಗೆಯಲು ಹೋದೆ.

"ಇರ್ಲಿ ಬಿಡ್ರಿ, ಬಾಯಾರ. ದಾರ್ಯಾಗ ಇಳಿದ ಊರಾಗೆಲ್ಲಾ ಹಿಂಗ ಆಗೈತಿ," ಎಂದು ಅವಳು ನಕ್ಕಳು. "ಆದ್ರ ಅಲ್ಲೆಲ್ಲಾ ಮಾಲಿ ಹಾಕಿದವ್ರು ಗಂಡಸರಿದ್ರು."