ಮೇಸ್ತ್ರಿಯ ಹೆಬ್ಬೆರಳು

ಆ ಕಾರ್ಖಾನೆಯಲ್ಲಿ ಕಬ್ಬಿಣ ತಿರುಗಿಸಿ ಕಡಿಯುವ ಲೇತ್ ವಿಭಾಗಕ್ಕೆಲ್ಲ ಅವನೇ ಮೇಸ್ತ್ರಿ. ಅವನ ಜಂಬಕ್ಕೆ ಮಾತ್ರ ಮೇಸ್ತ್ರಿ ಯಾರೂ ಇರಲಿಲ್ಲ. ಜಂಬ ಯಾತಕ್ಕೆ ಅಂದರೆ, ತನ್ನ ಎರಡು ಕೈಗೆ. ಬಿರುಕು ಬಿಟ್ಟು, ಚರ್ಮ ಸುಲಿದು, ಗೆಣ್ಣು ಗೆಣ್ಣೂ ಕೆಂಪೇರಿದ ಕೈ. ಲೋಹ ಕಡಿಯುವಾಗ ಬಿಸಿಯೇರದಿರಲಿ ಎಂದು ಸುರಿಯುವ ಎಣ್ಣೆನೀರಿನಲ್ಲಿ ದಿನವಿಡೀ ನೆನೆದ ಕೈಯನ್ನು, ಜಿಡ್ಡು ಬೇಗ ಹೋಗುತ್ತದೆಂದು ಸಂಜೆ ಬಣ್ಣ ಕರಗಿಸುವ ಥಿನ್ನರ್‌ನಲ್ಲಿ ತೊಳೆದರೆ ಅದು ಇನ್ನು ಹೇಗಿದ್ದೀತು? ಹೊಸದಾಗಿ ಸೇರಿದವರ ಮುಂದೆ ಅದನ್ನೇ ಚಾಚಿ, ದುಡಿಯೋ ಕೈ ಅಂದ್ರೆ ಇದು ನೋಡ್ಕೊಳ್ರಪ್ಪಾ ಅನ್ನುತ್ತಿದ್ದ. ಗೇಟಿನಲ್ಲಿ ಹೆಬ್ಬೆರಳೊತ್ತಿ ಹಾಜರಿ ಹಾಕುವ ಯಂತ್ರ ಬಂದಾಗಲಂತೂ ಅವನನ್ನು ಹಿಡಿಯುವವರೇ ಇರಲಿಲ್ಲ. ಅವನ ಬೆರಳಲ್ಲಿ ಹುಟ್ಟುಗೆರೆ ಒಂದೂ ಸಿಗದೆ, ಯಂತ್ರ ಬಿರುಕುಗಳನ್ನೇ ಗುರುತು ಹಿಡಿದುಕೊಂಡಿತ್ತು. ರಾತ್ರಿ ಅದೇ ಕೈಯನ್ನು ಮಂಚದ ಅಂಚಿಗೆ ಉಜ್ಜಿ ಉಜ್ಜಿ ತುರಿಸಿಕೊಳ್ಳುತ್ತಿದ್ದದ್ದು ಹೆಂಡತಿಗೆ ಮಾತ್ರ ಗೊತ್ತು.

ಇಂಥವನ ವಿಭಾಗಕ್ಕೆ ಕಾರ್ಖಾನೆಯ ನರ್ಸಮ್ಮ ಒಂದು ದಿನ ದೊಡ್ಡ ಡಬ್ಬಿ ಬಿಳಿ ಕ್ರೀಮ್ ತಂದಿಟ್ಟಳು. ತಿರುಗುವ ಲೇತಿನ ಮುಂದೆ ಕೈಗವಸು ಹಾಕುವ ಹಾಗಿಲ್ಲ. ಗವಸಿನ ತುದಿ ಸಿಕ್ಕಿಕೊಂಡರೆ ಕೈಯೇ ಹೋಗುತ್ತದೆ. ಅದಕ್ಕೇ ಈ ಕ್ರೀಮ್. ಕೆಲಸ ಶುರು ಮಾಡುವ ಮೊದಲು ಒಣಗಿದ ಕೈಗೆ ತೆಳ್ಳಗೆ ಹಚ್ಚಿ, ಥಿನ್ನರ್ ಬಿಟ್ಟು ಸಾಬೂನಿನಲ್ಲಿ ತೊಳೆಯಿರಿ ಎಂದು ಹೇಳಿ ಹೋದಳು. ಅವಳು ಬಾಗಿಲು ದಾಟಿದ್ದೇ ತಡ, ಮೇಸ್ತ್ರಿ ಡಬ್ಬಿಯನ್ನು ಮೇಲೆತ್ತಿ, "ಯಾರಿಗೆ ಮದುವೆ ಗೊತ್ತಾಗಿದೆ? ಮದುಮಗಳು ಮುಂದೆ ಬರ್ಲಿ" ಎಂದ. ವಿಭಾಗವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಎರಡನೇ ಲೇತಿನ ಬಾಯಿಬಡುಕ. ಅವನ ಕಿವಿಗೆ ಬಿದ್ದ ಮಾತು ಊಟದ ಗಂಟೆಯೊಳಗೆ ಗೇಟು ಮುಟ್ಟುತ್ತಿತ್ತು. ಇನ್ನು ಯಾರಿಗೆ ಧೈರ್ಯ? ಡಬ್ಬಿ ಕೈ ತೊಳೆಯುವ ತೊಟ್ಟಿಯ ಪಕ್ಕ ಧೂಳು ತಿನ್ನುತ್ತ ಕೂತಿತು.

ಆಗಲೇ ಮೇಸ್ತ್ರಿಯ ಮಗಳು ಕೂಸನ್ನು ಕಟ್ಟಿಕೊಂಡು ಮನೆಗೆ ಬಂದಳು. ಇರುವುದು ಒಂದೇ ತಿಂಗಳು. ಆಮೇಲೆ ಅಳಿಯ ಬಂದು ಕರೆದುಕೊಂಡು ಹೋಗುವವನು. ಕಾದು ಕಾದು ಪಡೆದ ಮೊಮ್ಮಗಳು. ಮೇಸ್ತ್ರಿ ಕೆಲಸದಿಂದ ಬಂದವನೇ ಎತ್ತಿಕೊಂಡ. ಕೂಸು ಮನೆಯ ಸೂರು ಹಾರುವಂತೆ ಚೀರಿತು. ಮಗಳು ಕಿತ್ತುಕೊಂಡು ನೋಡಿದರೆ ಕೂಸಿನ ತೊಡೆಯ ಮೇಲೆ ಕೆಂಪು ಗೀರು.

"ಅಪ್ಪಾ, ಬೇಜಾರು ಮಾಡ್ಕೋಬೇಡಿ. ನಿಮ್ಮ ಕೈ ವಾಸಿಯಾಗೋವರೆಗೂ ದೂರದಿಂದ್ಲೇ ಮಾತಾಡ್ಸಿ."

ಕಬ್ಬಿಣವನ್ನು ಕೂದಲೆಳೆಯಷ್ಟೂ ತಪ್ಪದೆ ಕಡಿಸುವ ಮೇಸ್ತ್ರಿ, ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತ. ಅವನಿಗೆ ಅಳು ಬಂತು. ಬಂದದ್ದನ್ನು ಸೀನಿನಲ್ಲಿ ಮುಗಿಸಿಬಿಟ್ಟ.

ಮಾರನೆಯ ದಿನ ಊಟದ ಹೊತ್ತಿಗೆ ಎಲ್ಲರೂ ಹೋದಮೇಲೆ ಮೇಸ್ತ್ರಿ ಡಬ್ಬಿಗೆ ಕೈ ಹಾಕಿದ. ಹಾಕಿದ್ದೂ ಹೇಗೆ? ಬೇರಿಂಗಿಗೆ ಗ್ರೀಸು ತುಂಬುವ ಹಾಗೆ, ಜಿಡ್ಡುಗೈಗೇ ಗಟ್ಟಿಯಾಗಿ ಮೆತ್ತಿಕೊಂಡ. ಆಮೇಲೆ ಹಿಡಿದ ಸ್ಪ್ಯಾನರ್ ಹಿಡಿದ ಹಾಗೇ ಜಾರಿ ಕಾಲಿನ ಮೇಲೆ ಬಿತ್ತು. ಕುಂಟುತ್ತ ನರ್ಸಮ್ಮನ ಕೋಣೆಗೆ ಹಿಂಬಾಗಿಲಿನಿಂದ ಹೋದ. ಕಾಲು ತೋರಿಸಲು ಹೋದವನು ಕೈಯ ಕಥೆಯನ್ನೂ ಹೇಳಿಬಿಟ್ಟ. ನರ್ಸಮ್ಮ ನಗು ನುಂಗಿಕೊಂಡು, ಮೊದಲು ತೊಳೆದು, ಬೆರಳ ಸಂದಿಯೂ ಒಣಗುವಂತೆ ಒರೆಸಿ, ಕಡಲೆಕಾಳಿನಷ್ಟು ತೆಗೆದು ಹಚ್ಚುವುದನ್ನು ತೋರಿಸಿದಳು. ರಾತ್ರಿಯೂ ಹಚ್ಚಿ ಎಂದಳು. ಯಾರಿಗೂ ಹೇಳಬಾರದು ಎಂದು ಮೇಸ್ತ್ರಿ ಅವಳಿಂದ ಆಣೆ ಹಾಕಿಸಿಕೊಂಡ.

ರಾತ್ರಿಯ ಪಾಲನ್ನು ಊಟದ ಡಬ್ಬಿಯಲ್ಲಿ ಕದ್ದು ತಂದ. ಡಬ್ಬಿ ತೊಳೆಯಲು ತೆಗೆದ ಹೆಂಡತಿ ಬೆಣ್ಣೆಯೆಂದು ಬೆರಳಿನಲ್ಲಿ ಬಳಿದು ಬಾಯಿಗಿಟ್ಟಳು. ಆಮೇಲೆ ಅವಳು ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ವಿಷಯ ತಿಳಿದ ಮೇಲೆ ಮಾತ್ರ ಒಂದು ಹಳೆಯ ಬಟ್ಟಲು ತಂದು ಅವನ ಮಂಚದ ಪಕ್ಕ ಇಟ್ಟಳು. ಇಷ್ಟು ವರ್ಷ ನಾನು ಬಡ್ಕೊಂಡಾಗ ಕೇಳಿಸಲಿಲ್ಲ, ಮೊಮ್ಮಗಳು ಒಂದ್ಸಲ ಕಿರುಚಿದ್ದಕ್ಕೆ ಕೇಳಿಸ್ತು ಎಂದು ಗೊಣಗಿದಳು. ಸುಳ್ಳೇನಲ್ಲವಲ್ಲ, ಮೇಸ್ತ್ರಿ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡ.

ತಿಂಗಳು ತುಂಬುವಷ್ಟರಲ್ಲಿ ತುರಿಕೆ ನಿಂತಿತು, ಬಿರುಕು ಕೂಡಿತು. ಈಗ ಹೊಸ ಪೇಚು ಶುರುವಾಯಿತು. ಕೈ ನಯವಾದದ್ದು ಕಾಣಬಾರದೆಂದು ಮೇಸ್ತ್ರಿ ಗೇಟಿನ ಹೊರಗೆ ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ನಡೆಯುತ್ತಿದ್ದ, ಒಳಗೆ ಬಂದರೆ ಕೈಯ ಹಿಂಬದಿಗೆ ಕರಿ ಬಳಿದುಕೊಳ್ಳುತ್ತಿದ್ದ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ಕಾಣದೇ? ಕಂಡದ್ದು ಲೋಕಕ್ಕಲ್ಲ, ಆ ಯಂತ್ರಕ್ಕೆ.

ಅಳಿಯ ಬರುವ ಹಿಂದಿನ ದಿನ. ಇವತ್ತು ಸಂಜೆ ಕೂಸನ್ನು ಕೊಡುತ್ತೇನೆ ಎಂದು ಮಗಳು ಮಾತು ಕೊಟ್ಟಿದ್ದಳು. ಮೇಸ್ತ್ರಿ ಖುಷಿಯಲ್ಲಿ ಬಂದು ಹೆಬ್ಬೆರಳೊತ್ತಿದ. ನಿನ್ನೆಯವರೆಗೆ ಗುರುತಿಗೆ ಉಳಿದಿದ್ದ ಒಂದೆರಡು ಬಿರುಕೂ ಮುಚ್ಚಿಹೋಗಿತ್ತು, ಕೆಂಪು ದೀಪ ಹತ್ತಿತು. ಗುರುತು ಸಿಗಲಿಲ್ಲ ಎಂದಿತು ಯಂತ್ರ. ಒರೆಸಿ ಒತ್ತಿದ, ಊದಿ ಒತ್ತಿದ, ಎಷ್ಟು ಒತ್ತಿದರೂ ಅದರದು ಅದೇ ಹಾಡು. ಹಿಂದೆ ಸಾಲು ಬೆಳೆಯಿತು. ಹಾಜರಿ ಗುಮಾಸ್ತ ಬಂದು ಬೆರಳನ್ನು ಹಿಡಿದು ಕಣ್ಣಿನ ಹತ್ತಿರ ತಂದುಕೊಂಡ. ಇದು ನಿಮ್ಮದೇನಾ ಎಂದು ಕೇಳಿದ.

"ಮತ್ತೆ ಬಾಡಿಗೆಗೆ ತಂದ್ನಾ?"

ಗುಮಾಸ್ತ ನಗಲಿಲ್ಲ. ಹೊಸ ಗುರುತು ಕೊಡಬೇಕಾದರೆ ಕಾರಣ ಹೇಳಬೇಕು, ಅದು ನಿಯಮ. ಒಳ್ಳೆಯ ಮನುಷ್ಯ, ದಾರಿಯನ್ನೂ ಅವನೇ ತೋರಿಸಿದ: ಸುಟ್ಟಗಾಯ ಅಂದುಬಿಡಿ, ನರ್ಸಮ್ಮ ಕೈಗೆ ಪಟ್ಟಿ ಕಟ್ಟುತ್ತಾಳೆ, ವಾರದ ಮೇಲೆ ಬಿಚ್ಚಿ ಹೊಸದಾಗಿ ಒತ್ತಿದರಾಯಿತು.

ಮಾನ ಉಳಿಯುವ ದಾರಿ ಅದು. ಮೇಸ್ತ್ರಿ ಹಿಂದೆ ತಿರುಗಿ ನೋಡಿದ. ಸಾಲಿನಲ್ಲಿ ತನ್ನ ವಿಭಾಗವೆಲ್ಲ ನಿಂತಿತ್ತು, ಬಾಯಿಬಡುಕ ಬೆನ್ನಿಗೇ ನಿಂತಿದ್ದ. ಹೂಂ ಅಂದರೆ ಕೈಗೆ ವಾರದ ಪಟ್ಟಿ. ಕೂಸು ನಾಳೆಯೇ ಹೋಗುತ್ತದೆ.

"ಸುಟ್ಟಿಲ್ಲ ಕಣಯ್ಯಾ," ಎಂದ ಮೇಸ್ತ್ರಿ. "ಕ್ರೀಮ್ ಹಚ್ಚಿದೀನಿ. ಮೊಮ್ಮಗಳನ್ನ ಎತ್ಕೋಬೇಕಿತ್ತು."

ಸಾಲೆಲ್ಲ ಬಾಯಿಬಡುಕನ ಮುಖ ನೋಡಿತು. ನಗುವಿಗೆ ಅಪ್ಪಣೆ ಅಲ್ಲಿಂದಲೇ ಬರಬೇಕಲ್ಲ. ಬಾಯಿಬಡುಕ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ. ಆದರೂ ಅವನು ಅದನ್ನು ಅವತ್ತೇ ಮೊದಲ ಸಲ ಕಂಡವನ ಹಾಗೆ ನೋಡುತ್ತಿದ್ದ.

"ಉರಿ ಹೋಗುತ್ತಾ ಮೇಸ್ತ್ರಿಗಳೇ?" ಎಂದು ಮೆಲ್ಲಗೆ ಕೇಳಿದ.

"ಹೋಗುತ್ತೆ."

ಒಳಗೆ ಹೋದವರು ನೇರ ಹೋದದ್ದು ತೊಟ್ಟಿಯ ಹತ್ತಿರಕ್ಕೆ. ಮುಚ್ಚಳ ತೆಗೆದರೆ ಡಬ್ಬಿಯ ತಳ ಮಿರಮಿರ ಹೊಳೆಯುತ್ತಿತ್ತು, ನೆಕ್ಕಿದ ಹಾಗೆ. ಎಲ್ಲರೂ ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ಮುಂಬಾಗಿಲಿನಿಂದಲೇ ನರ್ಸಮ್ಮನ ಕೋಣೆಗೆ ಹೋಗಿ, ಎರಡು ಡಬ್ಬಿ ಹೊತ್ತು ತಂದ. ಬಾಯಿಬಡುಕ ಒಂದನ್ನು ಮೇಲೆತ್ತಿ, ಮದುಮಗಳು ಮುಂದೆ ಬರಲಿ ಎಂದ. ಈ ಸಲ ಮೇಸ್ತ್ರಿಯೇ ಮೊದಲು ಕೈ ಚಾಚಿದ. ನಕ್ಕರು, ನಗದೆ ಬಿಡುತ್ತಾರೆಯೇ. ನಗುತ್ತಲೇ ಒಬ್ಬರ ಹಿಂದೆ ಒಬ್ಬರು ನಿಂತರು. ಥಿನ್ನರ್ ಬಾಟಲಿಯನ್ನು ಮೇಸ್ತ್ರಿ ತನ್ನ ಬೀರುವಿನೊಳಗಿಟ್ಟು ಬೀಗ ಹಾಕಿದ.

ಸಂಜೆ ಮಗಳು ಅವನ ಕೈಯನ್ನು ಮಗುಚಿ ಮಗುಚಿ ನೋಡಿದಳು, ತನ್ನ ಕೆನ್ನೆಗೆ ಒತ್ತಿಕೊಂಡು ನೋಡಿದಳು. ಆಮೇಲೆ ಕೂಸನ್ನು ಅವನ ಕೈಗಿಟ್ಟಳು. ಮೇಸ್ತ್ರಿ ಉಸಿರು ಬಿಗಿಹಿಡಿದ. ಕೂಸು ಕಣ್ಣರಳಿಸಿ ಅವನನ್ನು ನೋಡಿತು, ಚೀರಲಿಲ್ಲ. ಕೈಯಾಡಿಸುತ್ತ ಆಡಿಸುತ್ತ ಅವನ ಹೆಬ್ಬೆರಳು ಸಿಕ್ಕಿತು, ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಹಾಗೇ ನಿದ್ದೆಹೋಯಿತು.

ಹೆಂಡತಿ ಊಟಕ್ಕೆ ಕರೆದಳು. ಅನ್ನ ಆರಿ ಹೋಗುತ್ತದೆ ಎಂದು ಇನ್ನೊಮ್ಮೆ ಕರೆದಳು.

"ಬರಕ್ಕಾಗಲ್ಲ ಕಣೇ," ಎಂದ ಮೇಸ್ತ್ರಿ ಪಿಸುದನಿಯಲ್ಲಿ. "ಕೈ ಖಾಲಿ ಇಲ್ಲ."